ಆರ್ಡಿಸ್ ಮೊಹರು ಒತ್ತದ ಪತ್ರ

ಜಲ್ಲಿ ಕ್ವಾರಿಯ ವಿರುದ್ಧ ಊರಿನವರು ಬರೆದ ಪತ್ರಗಳನ್ನು ಆರ್ಡಿಸ್ ಟೆನ್‌ಐಕ್ ಬಚ್ಚಿಟ್ಟಳು ಎಂಬ ಮಾತು ನಮ್ಮ ಸ್ಟೋನ್‌ಕಿಲ್ ಊರಿನಲ್ಲಿ ಇಂದಿಗೂ ಇದೆ. ಆ ಮಾತು ಬೆಳೆದು, ಒಂದು ಪೆಟ್ಟಿಗೆಯಷ್ಟು ಪತ್ರಗಳನ್ನು ಆಕೆ ಹಿತ್ತಲಲ್ಲಿ ಸುಟ್ಟಳು ಎನ್ನುವವರೂ ಈಗ ಸಿಗುತ್ತಾರೆ. ಸುಡಲು ಪತ್ರಗಳೇ ಇರಲಿಲ್ಲ. ನಾವು ಬರೆದಿರಲಿಲ್ಲ.

ಇಪ್ಪತ್ತಾರು ವರ್ಷ ಆಕೆ ನಮ್ಮ ಊರಾಡಳಿತದ ಗುಮಾಸ್ತೆ. ನಾಯಿಯ ಲೈಸೆನ್ಸಿಗೂ ಮದುವೆಯ ನೋಂದಣಿಗೂ ಆಕೆಯ ಕಿಟಕಿಯೇ. ರಸ್ತೆಗೆ ಮರ ಬಿದ್ದರೆ, ಮೋರಿ ಕಟ್ಟಿಕೊಂಡರೆ ಅರ್ಜಿ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಆರ್ಡಿಸ್‌ಗೆ ಒಂದು ಮಾತು ಹೇಳಿದರೆ ಸಂಜೆಯೊಳಗೆ ಯಾರಾದರೂ ಬಂದು ಸರಿಮಾಡುತ್ತಿದ್ದರು.

ಕಂಪನಿಯೊಂದು ಗುಡ್ಡದಲ್ಲಿ ಜಲ್ಲಿ ತೆಗೆಯಲು ಅನುಮತಿ ಕೇಳಿತು. ಗುಡ್ಡದ ಬುಡದಲ್ಲಿ ಆಕೆಯ ತಮ್ಮ ಮೆರಿಟ್‌ನ ಕೊಟ್ಟಿಗೆ. ನಲವತ್ತು ಹಸುಗಳಿಗೂ ಮನೆಗೂ ಒಂದೇ ಒರತೆಯ ನೀರು. ಅಂತರ್ಜಲದ ಮೇಲಿನ ಪರಿಣಾಮ 'ಅಲ್ಪ' ಎಂದು ಕಂಪನಿ ನಮೂನೆಯಲ್ಲಿ ಗುರುತು ಹಾಕಿತ್ತು. ಅಷ್ಟು ಸಾಕೇ, ಅಥವಾ ಪೂರ್ಣ ಪರಿಸರ ಪರಿಣಾಮ ವರದಿ ತಯಾರಾಗಬೇಕೇ ಎಂಬುದನ್ನು ತೀರ್ಮಾನಿಸಬೇಕಾದದ್ದು ಊರಿನ ಯೋಜನಾ ಮಂಡಳಿ. ವರದಿ ಬೇಕೆಂದಿದ್ದರೆ ಮೊದಲು ಆ ಒರತೆಯನ್ನು ಪರೀಕ್ಷಿಸಲೇಬೇಕಾಗುತ್ತಿತ್ತು. ಆಕ್ಷೇಪಣೆಗಳು ಮೂವತ್ತು ದಿನಗಳೊಳಗೆ ಬರಹದಲ್ಲಿ ಬರಬೇಕು ಎಂಬ ನೋಟಿಸನ್ನು ಆರ್ಡಿಸ್ ಬಾಗಿಲಿಗೆ ಅಂಟಿಸಿ, ಕಿಟಕಿಯ ಬಳಿ ಕಾಗದ, ಪೆನ್ನು ಇಟ್ಟಳು.

ನಾನು ನಾಯಿಯ ಲೈಸೆನ್ಸ್ ನವೀಕರಿಸಲು ಹೋದ ದಿನ ನನ್ನ ಮುಂದೆ ಮುದುಕ ಡ್ವೈಟ್ ನಿಂತಿದ್ದ.

"ಕ್ವಾರಿ ಬಂದ್ರೆ ನಮ್ಮ ಬಾವಿ ಗತಿ ಏನಮ್ಮ, ಆರ್ಡಿಸ್?"

"ಅದನ್ನೇ ಬರೆದುಕೊಡಿ, ಡ್ವೈಟ್. ಎರಡು ಸಾಲು ಸಾಕು."

"ನಿಂಗೆ ಹೇಳಿದ್ರೆ ಊರಿಗೇ ಹೇಳಿದ ಹಾಗಲ್ವಾ? ನನ್ನ ಅಕ್ಷರ ನನ್ನ ಹೆಂಡ್ತಿಗೇ ಓದಕ್ಕೆ ಬರಲ್ಲ, ಬಿಡು."

ನಾನೂ ನಕ್ಕೆ. ನಾನೂ ನನ್ನ ಬಾವಿಯ ಚಿಂತೆಯನ್ನು ಬಾಯಲ್ಲೇ ಹೇಳಿ ಹೊರಬಂದೆ.

ಭಾನುವಾರದ ಊಟಕ್ಕೆ ಬಂದಿದ್ದ ತಮ್ಮನಿಗೂ ಆಕೆ ಅದನ್ನೇ ಹೇಳಿದಳಂತೆ.

"ನೀನೇ ಅಲ್ಲಿ ಕೂತಿದೀಯಲ್ಲ ಅಕ್ಕ, ನಾನ್ಯಾಕೆ ಬರೀಲಿ?"

"ನಾನು ಕೂತಿರೋದು ತಗೊಳ್ಳೋಕೆ ಕಣೋ, ಬರೆಯೋಕಲ್ಲ."

"ಆಯ್ತು ಮಾರಾಯ್ತಿ, ಹುಲ್ಲು ಕೊಯ್ಲು ಮುಗೀಲಿ," ಎಂದು ಮೆರಿಟ್ ಇನ್ನೊಂದು ತುಂಡು ಪೈ ಹಾಕಿಕೊಂಡ. ಕೊಯ್ಲು ಮುಗಿಯುವ ಮೊದಲೇ ಮೂವತ್ತು ದಿನ ಮುಗಿದವು.

ಮಂಡಳಿಯ ಸಭೆಯಲ್ಲಿ ನಾವು ಕುರ್ಚಿ ಸಾಲದಷ್ಟು ಜನ. ಅಧ್ಯಕ್ಷ ಲೇಲ್ಯಾಂಡ್ ಕೇಳಿದ, "ಎಷ್ಟು ಬಂದಿವೆ?"

"ಒಂದು. ಲಾರಿ ಓಡಾಟದ ಬಗ್ಗೆ."

"ನೀರಿನ ಬಗ್ಗೆ?"

ಆರ್ಡಿಸ್ ನಮ್ಮತ್ತ ನೋಡಲಿಲ್ಲ. "ನೀರಿನ ಬಗ್ಗೆ ಒಂದೂ ಇಲ್ಲ."

ಹಿಂದಿನ ಸಾಲಿನಿಂದ ಯಾರೋ "ನಾನು ನಿಂಗೆ ಹೇಳಿರಲಿಲ್ವಾ!" ಎಂದು ಕೂಗಿದರು. ಲೇಲ್ಯಾಂಡ್ ಮೇಜು ತಟ್ಟಿ, ಅವಧಿ ಮುಗಿದಿದೆ ಎಂದ. ಪೂರ್ಣ ವರದಿಯ ಅಗತ್ಯವಿಲ್ಲವೆಂದು ಮಂಡಳಿ ಮತ ಹಾಕಿತು. ಪತ್ರ ಬಚ್ಚಿಟ್ಟಳೆಂಬ ಮಾತು ಹುಟ್ಟಿದ್ದು ಆ ಕೂಗಿನಿಂದಲೇ. "ನೀವೇ ಬರೆಯಲಿಲ್ಲ" ಎಂದು ಆಕೆ ಒಮ್ಮೆ ಹೇಳಿದ್ದರೆ ಸಾಕಿತ್ತು. ಹೇಳಿದರೆ ಮೊದಲು ತಲೆ ತಗ್ಗಿಸಬೇಕಾದವನು ತಮ್ಮ.

ಆದರೆ ನೀರಿನ ಬಗ್ಗೆ ಬರೆದ ಪತ್ರವೂ ಒಂದಿತ್ತು. ಬಹಳ ದಿನಗಳ ನಂತರ ನನಗೆ ಆಕೆಯೇ ತೋರಿಸಿದಳು. ಒರತೆ ಯಾವ ತಿಂಗಳು ಎಷ್ಟು ಹರಿಯುತ್ತದೆ ಎಂಬುದನ್ನು ಎರಡು ಪುಟ ತುಂಬ ತಾನೇ ಬರೆದಿದ್ದಳು. ಪತ್ರ ಸ್ವೀಕರಿಸುವವಳು ತನ್ನ ಪತ್ರವನ್ನೇ ಸ್ವೀಕರಿಸಬಾರದೆಂದು ನಂಬಿ, ಸ್ವೀಕೃತಿಯ ಮೊಹರು ಒತ್ತದೆ ಡ್ರಾಯರಿನಲ್ಲಿಟ್ಟಿದ್ದಳು. ಅಂಥ ನಿಯಮವೇ ಇಲ್ಲ, ಊರಿನ ನಿವಾಸಿಯಾಗಿ ಕೊಡಬಹುದಿತ್ತು ಎಂದು ಕೌಂಟಿಯ ವಕೀಲರು ಹೇಳಿದಾಗ ಕ್ವಾರಿ ಶುರುವಾಗಿ ವರ್ಷವಾಗಿತ್ತು.

ಮೂರನೆಯ ಬೇಸಿಗೆಯಲ್ಲಿ ಒರತೆ ನಿಂತಿತು. ಮೆರಿಟ್ ಹಸುಗಳನ್ನು ಮಾರಿದ; ಮನೆಗೆ ಬೇಕಾದ ನೀರನ್ನು ಅಗ್ನಿಶಾಮಕ ಠಾಣೆಯಿಂದ ಟ್ಯಾಂಕಿನಲ್ಲಿ ತರುತ್ತಾನೆ. ಆರ್ಡಿಸ್ ಕೆಲಸ ಬಿಟ್ಟಿದ್ದಾಳೆ. ಭಾನುವಾರದ ಊಟಕ್ಕೆ ಅವನು ಈಗ ಬರುವುದಿಲ್ಲ. ಕ್ವಾರಿ ನಡೆಯುತ್ತಿದೆ.