ಶಹಾಬಾದಿ ಕಲ್ಲಿನ ಹಿಟ್ಟು

ಆ ದಿನ ನೆನಸಿಕೊಂಡ್ರ ಈಗೂ ನನ್ನ ಎದಿ ಧಸಕ್ ಅಂತದ. ತಪ್ಪು ಯಾರದೂ ಅಲ್ಲ, ನಂದೇ.

ನನ್ನ ತವರು ಶಹಾಬಾದ. ಅಪ್ಪ ಫರಸಿ ಕಲ್ಲಿನ ಖಣಿಯೊಳಗ ಕೆಲಸಕ್ಕಿದ್ದ. ನಮ್ಮ ಮನಿ ನೆಲ ಫರಸಿ, ಗ್ವಾಡಿ ಫರಸಿ, ಮ್ಯಾಲಿನ ಮಾಳಗಿನೂ ಫರಸಿನೇ. ಲಗ್ನಾಗಿ ಚಿಂಚೋಳಿ ಕಡೆ ಹಳ್ಳಿಗಿ ಬಂದಮ್ಯಾಲೂ ನನ್ನ ಬಾಯಾಗ ಒಂದೇ ಮಾತು: ‘ನಮ್ಮ ಕಲ್ಲಿಗಿ ಸಾಟಿ ಇಲ್ರಿ.’ ಸೊಕ್ಕು ಅಂದ್ರ ಸೊಕ್ಕು!

ಅಲ್ಲಿ ಹಳ್ಳದ ದಂಡಿಗಿ ನಮ್ಮ ಮಾವನೋರ ಪನಚಕ್ಕಿ ಇತ್ತು. ಹರಿಯೋ ನೀರು ಚಕ್ರ ತಿರಗಸ್ತಿತ್ತು, ಚಕ್ರ ಬೀಸುಕಲ್ಲು ತಿರಗಸ್ತಿತ್ತು. ಡೀಸಲ್ ಗಿರಣಿ ಬಂದಮ್ಯಾಲೆ ಅದನ್ನ ಕೇಳವರಿಲ್ಲ. ಮ್ಯಾಲಿನ ಕರಿಕಲ್ಲು ಸೀಳು ಬಿಟ್ಟಿತ್ತು. ಮಾವನೋರಿಗಿ ಲಕ್ವಾ ಹೊಡದು ಹೊರಸು ಹಿಡದಿದ್ರು.

‘ಸಾಯೋದ್ರೊಳಗ ಒಮ್ಮಿ ಅದರ ಸಪ್ಪಳ ಕೇಳಬೇಕು ಯವ್ವಾ. ಕಬ್ಬಣದ ಪಟ್ಟಿ ಬಿಗದ್ರ ಆ ಕಲ್ಲು ಇನ್ನೂ ನಡೀತದ’ ಅಂದ್ರು.

‘ಸೀಳಿದ ಕಲ್ಲು ಯಾಕ ಬೇಕ್ರಿ ಮಾವಾ? ನಮ್ಮೂರಿಂದ ಹೊಸಾದು ತರಸ್ತೀನಿ.’

ಅಪ್ಪ ದಪ್ಪಂದು ನೋಡಿ, ದುಂಡಗ ಕಡಿಸಿ, ಬೀಸಲಿಕ್ಕ ಉಳಿಲೆ ಗೀರು ಕೊರಸಿ ಲಾರಿಯೊಳಗ ಕಳಿಸಿದ. ನನ್ನ ಗಂಡ ಕಾಲುವಿ ಹೂಳು ತಗದ, ಬಡಿಗ್ಯಾ ಚಕ್ರಕ್ಕ ಹೊಸ ಹಲಗಿ ಬಡದ. ಹಳೇ ಕಲ್ಲಿನ ಮಾತು ಮತ್ತ ಬರಬಾರದು ಅಂತ ನಾನೇ ಅದನ್ನ ಒಡಸಿ, ತುಕಡಿ ಕಾಲುವಿ ಕಟ್ಟಿಯೊಳಗ ತುಂಬಿಸಿದೆ. ಮಾವನೋರಿಗಿ ಹೇಳಲಿಲ್ಲ. ಹೇಳೂದೇನದ ಅನಸ್ತು.

ಒಂದಿನ ಮುಂಜಾನಿ ಅವರನ್ನ ಹೊರಸಿನ ಸಮೇತ ಹೊತ್ತು ತಂದು ಚಕ್ಕಿ ಮುಂದ ಇಳಿಸಿದ್ವಿ. ನೀರು ಬಿಟ್ವಿ. ಕಲ್ಲು ತಿರಗ್ತು! ಮಾವನೋರು ಕಣ್ಣು ಮುಚ್ಚಿ ಕೇಳಲಿಕತ್ತಿದ್ರು. ಜ್ವಾಳದ ಹಿಟ್ಟು ಬಿತ್ತು ನೋಡ್ರಿ, ಸುಣ್ಣದಂಗ ಬೆಳ್ಳಗ. ಹೆಣ್ಮಕ್ಕಳೆಲ್ಲ ‘ಯವ್ವಾ, ಏನ್ ಹಿಟ್ಟೇ!’ ಅಂದ್ರು. ನಾ ಸೆರಗು ಬಿಗದು ಅಲ್ಲೇ ಒಲಿ ಹೂಡಿ ರೊಟ್ಟಿ ಬಡದೆ. ಮೊದಲಿಂದು ಮಾವನೋರಿಗಿ. ಒಂದು ಚೂರೂ ಬಿಡಲಾರದಂಗ ತಿಂದ್ರು.

ಎರಡನೇದು ನನ್ನ ಗಂಡ ಬಾಯಾಗಿಟ್ಟ. ‘ಥೂ!’ ಅಂತ ಉಗಳಿದ. ನಾ ತಿಂದು ನೋಡಿದೆ. ಹಲ್ಲಾಗ ಕರಕರ, ಬರೇ ಕಲ್ಲು! ನೀರು ಕಟ್ಟಿ, ಮ್ಯಾಲಿನ ಹೊಸ ಕಲ್ಲು ಕಬ್ಬಣದ ಹಾರಿಲೆ ಎತ್ತಿ ನೋಡಿದ್ರ ಉಳಿಲೆ ಕೊರಸಿದ ಗೀರು ಒಂದೂ ಉಳದಿಲ್ಲ. ಕೆಳಗಿನ ಕರಿಕಲ್ಲು ಹ್ಯಾಂಗಿತ್ತು ಹಂಗೇ ಅದ. ಅಯ್ಯ ದೇವರೇ, ನನ್ನ ತವರಿನ ಕಲ್ಲೇ ಹಿಟ್ಟಾಗಿತ್ತು! ನೆಲಕ್ಕ ಹಾಸೋದು ಬ್ಯಾರೆ, ಬೀಸೋದು ಬ್ಯಾರೆ ಅಂತ ಈ ದಡ್ಡ ತಲಿಗಿ ಹೊಳೀಲೇ ಇಲ್ಲ.

‘ನಿಮಗ ಗೊತ್ತಾಗಲಿಲ್ಲೇನ್ರಿ ಮಾವಾ?’

‘ಸಪ್ಪಳ ಕೇಳಿದಾಗೇ ಗೊತ್ತಾತು. ಮೆತ್ತನ ಕಲ್ಲು.’

‘ಮತ್ತ್ಯಾಕ ತಿಂದ್ರಿ?’

‘ಇಷ್ಟೆಲ್ಲಾ ನನ್ನ ಸಲುವಾಗಿ ಮಾಡೀದಿ. ನಿನ್ನ ಮುಂದ ಹ್ಯಾಂಗ ಉಗಳಲಿ?’ ಅಂದು ನಕ್ಕರು. ‘ಅಳಬ್ಯಾಡ. ಚಕ್ರ ಅದ, ನೀರದ. ಹಳೇ ಕಲ್ಲಿಗಿ ಪಟ್ಟಿ ಬಿಗಿಯೋಣು. ಎಲ್ಲಿಟ್ಟೀದಿ?’

ನಾ ನಿಂತಿದ್ದು ಕಾಲುವಿ ಕಟ್ಟಿ ಮ್ಯಾಲೆ. ಕಾಲ ಕೆಳಗ ಅದರ ಕರೀ ತುಕಡಿ ಕಾಣಲಿಕತ್ತಿದ್ದವು.

ಮಾವನೋರು ಮತ್ತ ಕೇಳಿದ್ರು, ‘ಎಲ್ಲದ ಯವ್ವಾ?’