ಗಾಳಿಗೆ ಎದುರಾಗಿ ಬಂದ ಹನ್ನೆರಡನೆಯ ಬಾತು

ವಿಚಿತ್ರ ಅನುಭವ ಹೇಳುವವರು ಸಿಕ್ಕಿದರೆ ನಾನು ಮುಖ ಗಂಭೀರ ಮಾಡಿಕೊಂಡು ಕೇಳುತ್ತೇನೆ. ಒಳಗೊಳಗೆ ಮಾತ್ರ ತಪ್ಪು ಹುಡುಕುತ್ತಿರುತ್ತೇನೆ. ಬೆಳಕು ಸರಿಯಾಗಿತ್ತೇ, ಕನ್ನಡಕ ಹಾಕಿದ್ದರೇ, ಹೊಟ್ಟೆ ಖಾಲಿಯಿತ್ತೇ ಎಂದು. ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸಿದ ಸಿಸ್ಟರ್ ಹಾಕಿಕೊಟ್ಟ ಅಭ್ಯಾಸ ಅದು. ಹಾಗಾಗಿ ನನ್ನದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗಿನ ಒಂಬತ್ತು ಗಂಟೆ, ಒಳ್ಳೆಯ ಬಿಸಿಲು, ಕನ್ನಡಕ ಮೂಗಿನ ಮೇಲೇ ಇತ್ತು, ಎರಡು ಇಡ್ಲಿ ತಿಂದಾಗಿತ್ತು. ಇಷ್ಟಾಗಿಯೂ ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಐದು ವರ್ಷದ ಹಿಂದಿನ ಮಾತು. ಮಸ್ಕತ್ತಿನ ಬೌಷರ್‌ನಲ್ಲಿ ಆಗಲೂ ಇದೇ ಫ್ಲ್ಯಾಟು. ಇವರ, ಎಂದರೆ ನನ್ನ ಗಂಡನ, ಹೃದಯಕ್ಕೆ ಸ್ಟೆಂಟ್ ಹಾಕಿ ಆರು ತಿಂಗಳಾಗಿತ್ತು. ಆಫೀಸಿನ ಕುರ್ಚಿ ಬಿಟ್ಟು ಸ್ವಲ್ಪ ಹೊರಗೆ ಓಡಾಡಿ ಎಂದು ಡಾಕ್ಟರು ಹೇಳಿದ್ದೇ ತಡ, ಇವರು ಮೊಳದುದ್ದದ ಲೆನ್ಸಿನ ಕ್ಯಾಮೆರಾ ಕೊಂಡರು. ಮೊದಲು ಗುಬ್ಬಿ, ಆಮೇಲೆ ಕೊಕ್ಕರೆ, ಕೊನೆಗೆ ಬಾತುಕೋಳಿಯ ಹುಚ್ಚು. ಚಳಿಗಾಲದಲ್ಲಿ ಎಲ್ಲಿಂದಲೋ ಬಾತುಗಳು ಇಲ್ಲಿನ ಹಿನ್ನೀರುಗಳಿಗೆ ಬರುತ್ತವೆ. ಬಂದರೂ ನಮ್ಮಿಂದ ದೂರದಲ್ಲೇ ಇಳಿಯುತ್ತವೆ. ಇವರು ಯಾವುದೋ ದೇಶದ ಬೇಟೆಗಾರರ ವಿಡಿಯೋ ನೋಡಿದರು. ಅವರು ಪ್ಲಾಸ್ಟಿಕ್ ಬಾತುಗಳನ್ನು ನೀರಿನಲ್ಲಿ ತೇಲಿಬಿಡುತ್ತಾರೆ, ಮೇಲೆ ಹಾರುವ ನಿಜವಾದವು ನಮ್ಮವರೇ ಮೇಯುತ್ತಿದ್ದಾರೆ ಎಂದುಕೊಂಡು ಕೆಳಗಿಳಿಯುತ್ತವೆ. ಇಲ್ಲಿ ಬೇಟೆಯಾಡುವ ಹಾಗಿಲ್ಲ, ಇವರಿಗೆ ಕೋವಿ ಹಿಡಿಯುವ ಧೈರ್ಯವೂ ಇಲ್ಲ. "ಫೋಟೋಕ್ಕೂ ಅದೇ ಉಪಾಯ ಸಾಕು" ಎಂದರು. ವಾರದೊಳಗೆ ಹನ್ನೆರಡು ಪ್ಲಾಸ್ಟಿಕ್ ಬಾತುಗಳು ನನ್ನ ಊಟದ ಮೇಜಿನ ಮೇಲೆ ಸಾಲಾಗಿ ಕೂತವು. ಹಸಿರು ತಲೆ, ಹಳದಿ ಕೊಕ್ಕು. ಒಂದರ ಕಣ್ಣಿನ ಕಪ್ಪು ಬಣ್ಣ ಸ್ವಲ್ಪ ಕೆನ್ನೆಗೆ ಇಳಿದು, ಅತ್ತ ಹಾಗೆ ಕಾಣುತ್ತಿತ್ತು.

"ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದು ಮಗಳು ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ನನಗೆ ಹೋಗಲು ಬೇರೆ ಕೋಣೆ ಇರಲಿಲ್ಲ.

ಬಾತನ್ನು ಸುಮ್ಮನೆ ನೀರಿಗೆ ಬಿಟ್ಟರೆ ಗಾಳಿಗೆ ಹೋಗಿಬಿಡುತ್ತದೆ. ಅದರ ಹೊಟ್ಟೆಯಡಿ ಉದ್ದಕ್ಕೂ ಒಂದು ಪಟ್ಟಿ ಇರುತ್ತದೆ. ಪಟ್ಟಿಯ ತೂತಿಗೆ ಹಗ್ಗ ಕಟ್ಟಬೇಕು, ಹಗ್ಗದ ಇನ್ನೊಂದು ತುದಿಗೆ ಭಾರ ಕಟ್ಟಬೇಕು, ಭಾರ ನೀರಿನ ತಳದಲ್ಲಿ ಕೂರಬೇಕು. ಕಟ್ಟುವ ಕೆಲಸ ನನಗೇ ಬಂತು. ಶಾಲೆಯಲ್ಲಿ ಗರ್ಲ್ ಗೈಡ್ ಆಗಿದ್ದಾಗ ಕಲಿತ ಗಂಟುಗಳು ಕೈಗೆ ನೆನಪಿದ್ದವು. ಇವರ ಗಂಟು ಎಳೆದರೆ ಬಿಚ್ಚುತ್ತಿತ್ತು, ಎಳೆಯದಿದ್ದರೂ ಬಿಚ್ಚುತ್ತಿತ್ತು. ಭಾರಕ್ಕೆಂದು ಪಕ್ಕದ ಘಾಲಾದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಹಮೀದಾಕ, ತುಕ್ಕು ಹಿಡಿದ ದೊಡ್ಡ ನಟ್ಟುಗಳನ್ನು ಚೀಲದಲ್ಲಿ ತಂದುಕೊಟ್ಟರು. ಅವರು ಉಪ್ಪಿನಂಗಡಿಯವರು, ಇವರಿಗೆ ಇಪ್ಪತ್ತು ವರ್ಷದ ಸ್ನೇಹಿತರು. ಮೇಜಿನ ಮೇಲಿನ ಸಾಲು ನೋಡಿ, "ಅಕ್ಕಾ, ಇದಕ್ಕೆ ಎಷ್ಟು ವಿಸಿಲ್ ಬೇಕು?" ಎಂದರು.

"ನಿಮ್ಮ ಶೆಟ್ರನ್ನು ಕೇಳಿ. ಬೇಯಿಸಿ ತಿನ್ನುವವರು ಅವರೇ" ಎಂದೆ.

ಹಗ್ಗ ಎಷ್ಟುದ್ದ ಎಂಬಲ್ಲಿ ನಮಗೆ ಜಗಳವಾಯಿತು. ಹಿಂದಿನ ಶುಕ್ರವಾರ ಇವರು ಹೋಗಿ ನೋಡಿ ಬಂದಿದ್ದರು. ನೀರು ಮೊಣಕಾಲಿನಷ್ಟಂತೆ. ಹಗ್ಗ ಮೂರು ಅಡಿ ಸಾಕಂತೆ.

"ಉಬ್ಬರ ಬಂದ್ರೆ?" ಎಂದು ಕೇಳಿದೆ. ಸಮುದ್ರಕ್ಕೆ ಸೇರುವ ಹಿನ್ನೀರು ಅದು.

"ನನಗೆಲ್ಲ ಗೊತ್ತುಂಟು ಮಾರಾಯ್ತಿ, ನೀನು ಗಂಟು ಹಾಕು."

ಹನ್ನೊಂದು ಬಾತಿಗೆ ಹಗ್ಗ ಮುಗಿಯಿತು. ಕಣ್ಣಿನ ಬಣ್ಣ ಇಳಿದಿದ್ದ ಹನ್ನೆರಡನೆಯದು ಹಾಗೇ ಉಳಿಯಿತು. ಅದಕ್ಕೆ ಹಗ್ಗವಿರಲಿಲ್ಲ, ಭಾರವಿರಲಿಲ್ಲ. ಇದನ್ನು ಒತ್ತಿ ಒತ್ತಿ ಹೇಳುತ್ತಿದ್ದೇನೆ ಎನಿಸಿದರೆ ಕ್ಷಮಿಸಿ.

ಶುಕ್ರವಾರ ನಸುಕಿಗೇ ಅಲ್ಲಿ ತಲುಪಿದೆವು. ಇವರು ಬಗ್ಗಬಾರದು, ಭಾರ ಎತ್ತಬಾರದು. ಹಾಗಾಗಿ ಚೂಡಿದಾರದ ಕಾಲು ಮಡಚಿ ತಣ್ಣಗಿನ ಕೆಸರಿಗೆ ಇಳಿದವಳು ನಾನು. ದಡದಲ್ಲಿ ನಿಂತು ಟ್ರಾಫಿಕ್ ಪೊಲೀಸಿನ ಹಾಗೆ ಕೈಬೀಸಿದವರು ಇವರು. "ಎಡಕ್ಕೆ! ಅದಲ್ಲ, ನನ್ನ ಎಡಕ್ಕೆ!" ಹನ್ನೊಂದನ್ನೂ ಇಟ್ಟು ಬಂದ ಮೇಲೆ, ಚೀಲದಲ್ಲಿ ಉಳಿದದ್ದನ್ನೂ ಬಿಡು ಎಂದರು. ಹಗ್ಗವಿಲ್ಲ, ಹೋಗಿಬಿಡುತ್ತದೆ ಎಂದೆ. ಕೇಳಲಿಲ್ಲ. ಹೋದರೆ ಬುದ್ಧಿಯಾದರೂ ಬರಲಿ ಎಂದು ಬಿಟ್ಟುಬಂದೆ.

ಗಾಳಿ ನಮ್ಮ ಬೆನ್ನ ಕಡೆಯಿಂದ ನೀರಿನತ್ತ ಬೀಸುತ್ತಿತ್ತು. ಕಟ್ಟಿದ ಬಾತು ಯಾವಾಗಲೂ ಗಾಳಿಗೆ ಮುಖ ಕೊಡುತ್ತದೆ. ಹನ್ನೊಂದೂ ನಮ್ಮನ್ನೇ ನೋಡುತ್ತ ತೂಗುತ್ತಿದ್ದವು. ಹನ್ನೆರಡನೆಯದು ಗಾಳಿಗೆ ಸಿಕ್ಕಿ ಮೂವತ್ತು ಹೆಜ್ಜೆಯಷ್ಟು ದೂರ ತೇಲಿಹೋಯಿತು. ಅಲ್ಲಿ ನೀರಿನ ಬಣ್ಣ ಸ್ವಲ್ಪ ಕಪ್ಪಾಗುತ್ತಿತ್ತು. ಅಲ್ಲಿಗೆ ಹೋಗಿ ನಿಂತಿತು. ನಮಗೆ ಬೆನ್ನು ಹಾಕಿ, ತೂಗದೆ, ನೆಲದ ಮೇಲೆ ಇಟ್ಟ ಹಾಗೆ. "ನೋಡಿ, ಅದು ಯಾಕೆ ನಿಂತಿತು?" ಎಂದು ಕೇಳಿದೆ. "ಷ್" ಎಂದರು ಇವರು. ಎರಡು ಗಂಟೆ ಹಾಗೇ ಕೂತೆವು. ಒಂದೇ ಒಂದು ನಿಜವಾದ ಬಾತು ಬರಲಿಲ್ಲ. ಒಂದು ಕಾಗೆ ಬಂದು ಪ್ಲಾಸ್ಟಿಕ್ ತಲೆಯ ಮೇಲೆ ಕೂತು, ಸುತ್ತ ನೋಡಿ, ಹೋಯಿತು.

ಒಂಬತ್ತರ ಹೊತ್ತಿಗೆ ನಾನು ಹೇಳಿದ್ದೇ ಆಯಿತು. ನೀರು ಏರಿತು, ಹಗ್ಗ ಸಾಲದೆ ನಟ್ಟುಗಳು ತಳ ಬಿಟ್ಟವು, ಹನ್ನೊಂದೂ ಒಂದರ ಹಿಂದೆ ಒಂದು ಆಚೆಗೆ ಹೊರಟವು. ಇವರು ಕ್ಯಾಮೆರಾ ಕೆಳಗಿಟ್ಟು ಪ್ಯಾಂಟು ಮಡಚತೊಡಗಿದರು.

"ನಿಮಗೆ ಈಜು ಬರುದಿಲ್ಲ" ಎಂದೆ.

"ಈಜುವುದು ಎಂತಕ್ಕೆ? ಮೊಣಕಾಲು ನೀರು."

"ಅದು ಆಗ. ಡಾಕ್ಟ್ರು ನಿಮಗೆ ನಡೀಲಿಕ್ಕೆ ಹೇಳಿದ್ದು, ನೀರಿಗೆ ಇಳೀಲಿಕ್ಕೆ ಅಲ್ಲ."

"ಹನ್ನೆರಡು ಬಾತು ಬಿಟ್ಟು ಹೋಗ್ಲಿಕ್ಕಾಗ್ತದಾ? ನೀನು ಚಾ ತೆಗೆದಿಡು, ಈಗ ಬಂದೆ."

ಆ 'ಚಾ ತೆಗೆದಿಡು' ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆರು ತಿಂಗಳು ಉಪ್ಪಿಲ್ಲದ ಅಡುಗೆ ಮಾಡಿ, ಮಾತ್ರೆ ಎಣಿಸಿಕೊಟ್ಟು, ರಾತ್ರಿ ಇವರ ಉಸಿರು ಕೇಳುತ್ತ ಮಲಗಿದವಳು ನಾನು. "ಹೋಗಿ. ಮುಳುಗಿದ್ರೂ ನಾನು ಕರೆಯುದಿಲ್ಲ" ಎಂದುಬಿಟ್ಟೆ. ಇವರು ನಕ್ಕು ಇಳಿದರು.

ಮೊಣಕಾಲು ಮುಳುಗಿತು, ತೊಡೆ ಮುಳುಗಿತು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತೆ. ನೀರು ಸೊಂಟಕ್ಕೆ ಬಂದಾಗಲೂ ಬಾಯಿ ಬಿಡಲಿಲ್ಲ. ಆಗಲೇ ಕಂಡದ್ದು. ಅಷ್ಟು ಹೊತ್ತು ಬೆನ್ನು ಹಾಕಿ ನಿಂತಿದ್ದ ಹನ್ನೆರಡನೆಯ ಬಾತು ತಿರುಗಿತು. ತಿರುಗಿ, ಗಾಳಿಗೆ ಎದುರಾಗಿ, ಸೀದಾ ಇವರ ಕಡೆಗೆ ಬಂತು. ಅದರಿಂದ ಎರಡು ಮಾರು ಆಚೆ ಉಳಿದವು ಗಾಳಿಯ ಜೊತೆ ದೂರ ಹೋಗುತ್ತಲೇ ಇದ್ದವು. ಇದು ಬಂದು ಇವರ ಹೊಟ್ಟೆಗೆ ಡಿಕ್ಕಿ ಹೊಡೆಯಿತು. ಇವರು ಕೈಯಿಂದ ಪಕ್ಕಕ್ಕೆ ತಳ್ಳಿದರು. ಅದು ಅರ್ಧ ಸುತ್ತು ಬಳಸಿ ಮತ್ತೆ ಎದುರಿಗೇ ಬಂದು ತಾಗಿತು. ಮತ್ತೆ ತಳ್ಳಿದರು, ಈ ಸಲ ಜೋರಾಗಿ. ಮೂರನೆಯ ಸಲ ಬಂದು ತಾಗಿದಾಗ ಇವರು ನಿಂತರು. ಅದನ್ನು ಎತ್ತಿ ಹೊಟ್ಟೆಯಡಿ ನೋಡಿದರು. ಖಾಲಿ ತೂತು. ನನ್ನ ಕಡೆ ತಿರುಗಿದ ಇವರ ಮುಖದಲ್ಲಿ ನಗು ಇರಲಿಲ್ಲ. ಬಾತನ್ನು ಎದೆಗೆ ಅವುಚಿಕೊಂಡು ಒಂದೊಂದೇ ಹೆಜ್ಜೆ ಇಟ್ಟು ವಾಪಸು ಬಂದರು. ದಡದಲ್ಲಿ ಕೂತ ಮೇಲೂ ಅದನ್ನು ಕೆಳಗಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಸಣ್ಣ ದೋಣಿಯಲ್ಲಿ ಒಬ್ಬ ವಯಸ್ಸಾದ ಒಮಾನಿ ಮೀನುಗಾರ ಬಂದ. ನಮ್ಮ ಅವಸ್ಥೆ ನೋಡಿ, ತೇಲುತ್ತಿದ್ದ ಬಾತುಗಳಲ್ಲಿ ಒಂಬತ್ತನ್ನು ಹೆಕ್ಕಿ ತಂದುಕೊಟ್ಟ. ಇವರ ಒದ್ದೆ ಅಂಗಿ ನೋಡಿ, ಎಲ್ಲಿಯವರೆಗೆ ಹೋಗಿದ್ದೆ ಎಂದು ಸನ್ನೆಯಲ್ಲೇ ಕೇಳಿದ. ಇವರು ತೋರಿಸಿದರು. ಆತ ದೋಣಿಯನ್ನು ಅಲ್ಲಿಗೆ ಒಯ್ದು, ಅಲ್ಲಿಂದ ಎರಡು ಹೆಜ್ಜೆ ಮುಂದೆ ಹುಟ್ಟನ್ನು ನೇರ ನೀರಿಗೆ ಇಳಿಸಿದ. ಇಡೀ ಹುಟ್ಟು ಹೋಯಿತು, ಅದರ ಹಿಂದೆ ಆತನ ಕೈಯೂ ಮೊಣಕೈವರೆಗೆ ಹೋಯಿತು. ತಳ ಸಿಗಲಿಲ್ಲ. "ಖಲಾಸ್" ಎಂದ.

ಮನೆಗೆ ಬರುವಷ್ಟರಲ್ಲಿ ಇವರಿಗೆ ಉತ್ತರ ಸಿಕ್ಕಿತ್ತು. ಸುಳಿಯಂತೆ. ಉಬ್ಬರದ ನೀರು ಅಡಿಯಿಂದ ತಿರುಗಿ ತಳ್ಳುತ್ತದಂತೆ. ಹಾಗಾದರೆ ಪಕ್ಕದವು ಯಾಕೆ ಬರಲಿಲ್ಲ ಎಂದರೆ, "ನಿನಗೆ ನೀರಿನ ವಿಷಯ ಗೊತ್ತಿಲ್ಲ" ಎನ್ನುತ್ತಾರೆ. ಮೂರು ಅಡಿ ಹಗ್ಗ ಕತ್ತರಿಸಿದವರು! ಹಮೀದಾಕ ಎಲ್ಲ ಕೇಳಿ, "ಪ್ಲಾಸ್ಟಿಕ್ಕಿಗೆ ಬುದ್ಧಿ ಬಂತು ಅಕ್ಕಾ, ನಮ್ಮ ಶೆಟ್ರಿಗೆ ಯಾವಾಗ ಬರುದೋ" ಎಂದು ನಕ್ಕರು. ನಕ್ಕು ಮುಗಿಸಿ, ಆ ಬಾತನ್ನು ಒಮ್ಮೆ ಕೈಗೆ ತೆಗೆದುಕೊಂಡು, ತಕ್ಷಣ ಕೆಳಗಿಟ್ಟರು.

ಸುಳಿ ಇರಬಹುದು. ಅಡಿಯಲ್ಲಿ ದೊಡ್ಡ ಮೀನೊಂದು ಇದ್ದಿರಬಹುದು. ಈ ಐದು ವರ್ಷಗಳಲ್ಲಿ ನಾನೂ ಸಿಸ್ಟರ್ ಕಲಿಸಿದ ಹಾಗೆ ಒಂದೊಂದೇ ಕಾರಣ ಇಟ್ಟು ನೋಡಿದ್ದೇನೆ. ಯಾವುದೂ ಸರಿಯಾಗಿ ಕೂರುವುದಿಲ್ಲ. ಇವರು ಈಗಲೂ ಸಿಕ್ಕವರಿಗೆಲ್ಲ ಈ ಕತೆ ಹೇಳುತ್ತಾರೆ. ಡಿಕ್ಕಿ ಹೊಡೆದದ್ದು ಮೂರು ಸಲವೋ ನಾಲ್ಕು ಸಲವೋ ಎಂದು ನನ್ನನ್ನೇ ಕೇಳುತ್ತಾರೆ. ಸೊಂಟದ ನೀರಿನಲ್ಲಿ ನಿಂತಿದ್ದಾಗ ನೀನು ಯಾಕೆ ಒಮ್ಮೆಯೂ ಕರೆಯಲಿಲ್ಲ ಎಂದು ಮಾತ್ರ ಈವರೆಗೆ ಕೇಳಿಲ್ಲ.