ಡಬ್ಬಿ ತುಂಬಾ ಹೂಬತ್ತಿ

ವಾರಿಜಕ್ಕ ದೆವ್ವದ ಸಿನಿಮಾಕ್ಕೆ ಹೊರಟರೆ ಕೈಚೀಲದಲ್ಲಿ ಎರಡು ವಸ್ತು ಇರಲೇಬೇಕು: ಒಂದು ಹತ್ತಿಯ ಉಂಡೆ, ಒಂದು ಖಾಲಿ ಐಸ್‌ಕ್ರೀಂ ಡಬ್ಬಿ. ಥಿಯೇಟರಿನಲ್ಲಿ ದೀಪ ಆರುತ್ತಲೇ ಅವರ ಬೆರಳುಗಳು ಹೂಬತ್ತಿ ಹೊಸೆಯಲು ಶುರು ಮಾಡುತ್ತಿದ್ದವು. ಕಣ್ಣು ಪರದೆಯ ಮೇಲೆ, ಕೈ ಮಡಿಲಲ್ಲಿ. ನಿಜವಾಗಿ ಭಯವಾದರೆ ಮಾತ್ರ ಬೆರಳು ನಿಲ್ಲುತ್ತಿತ್ತು. ಹಾಗಾಗಿ ಡಬ್ಬಿಯಲ್ಲಿ ಬತ್ತಿ ಕಡಿಮೆ ಇದ್ದಷ್ಟೂ ಸಿನಿಮಾ ಒಳ್ಳೆಯದು ಎಂದು ಲೆಕ್ಕ.

ಉಡುಪಿ ಕಡೆಯವರು, ಮನೆಮಾತು ತುಳು. ಗಂಡ ತೀರಿಕೊಂಡ ಮೇಲೆ ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ಒಬ್ಬರೇ ಇದ್ದುಕೊಂಡು, ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ನಾನು ಓದಲು ಬಂದವಳು ಅವರ ಮನೆಯ ರೂಮೊಂದನ್ನು ಹಿಡಿದೆ. ಮೊದಲ ದಿನ ಬಾಗಿಲಲ್ಲಿ "ಆಂಟಿ" ಎಂದದ್ದಕ್ಕೆ, "ಆಂಟಿ ಗೀಂಟಿ ಬೇಡ ಮಾರಾಯ್ತಿ, ಅಕ್ಕ ಹೇಳು, ಸಾಕು" ಎಂದು ಸೂಟ್‌ಕೇಸನ್ನು ತಾವೇ ಎಳೆದುಕೊಂಡು ಒಳಗೆ ಹೋದರು.

ನನಗೋ ದೆವ್ವದ ಸಿನಿಮಾ ಎಂದರೆ ಆಗದು. ಆದರೂ ಅವರ ಜೊತೆ ಹೋಗುತ್ತಿದ್ದೆ, ಸಿನಿಮಾಕ್ಕಿಂತ ಅವರನ್ನು ನೋಡಲು. ಒಮ್ಮೆ ಪಕ್ಕದ ಪ್ಯಾರಮಟ್ಟಾದಲ್ಲಿ ಸಿನಿಮಾ ನೋಡಿ ನಡೆದು ಬರುವಾಗ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಮನೆಗೆ ಬಂದವರೇ ಬಚ್ಚಲಮನೆಗೆ ಮೊದಲು ನನ್ನನ್ನು ಕಳಿಸಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಡಬ್ಬಿ ತೆರೆದು ತೋರಿಸಿದರು. "ಆರೇ ಆರು ಬತ್ತಿ ನೋಡು! ಫಸ್ಟ್ ಕ್ಲಾಸ್ ಪಿಚ್ಚರ್."

ಆ ವರ್ಷ ಅವರ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಬಯಾಪ್ಸಿ ಆಯಿತು. ಏನೂ ತೊಂದರೆಯಿಲ್ಲದಿದ್ದರೆ ಶುಕ್ರವಾರ ಮೆಸೇಜ್ ಕಳಿಸುತ್ತೇವೆ, ಡಾಕ್ಟರು ನೋಡಲೇಬೇಕೆಂದರೆ ಫೋನ್ ಮಾಡುತ್ತೇವೆ ಎಂದು ಕ್ಲಿನಿಕ್ಕಿನವರು ಹೇಳಿದ್ದರು.

ಶುಕ್ರವಾರ ಮಧ್ಯಾಹ್ನ ವಾರಿಜಕ್ಕ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಊರೆಲ್ಲ ಮಾತಾಡುತ್ತಿದ್ದ ಒಂದು ಸಿನಿಮಾಕ್ಕೆ ಎರಡು ಟಿಕೆಟ್ ಬುಕ್ ಆಗಿತ್ತು. ನೋಡಿದವರು ವಾರಗಟ್ಟಲೆ ನಿದ್ದೆ ಮಾಡಿಲ್ಲವಂತೆ, ಯಾರೋ ಸೀಟಿನಲ್ಲೇ ಮೂರ್ಛೆ ಹೋದರಂತೆ.

"ಇವತ್ತೇ ಹೋಗ್ಬೇಕಾ ಅಕ್ಕ? ಮನೇಲೇ ವೇಟ್ ಮಾಡೋಣ."

"ಮನೆಯಲ್ಲಿ ಕೂತು ಎಂತ ಮಾಡುದು? ಇದಕ್ಕಿಂತ ದೊಡ್ಡ ಹೆದ್ರಿಕೆ ಒಂದು ಬೇಕು ನಂಗೆ. ಎರಡು ಗಂಟೆ ಸಾಕು."

ನನ್ನ ಜನ್ಮದಲ್ಲಿ ಅಷ್ಟು ನೀರಸವಾದ ಸಿನಿಮಾ ನೋಡಿಲ್ಲ. ಬಾಗಿಲು ಕಿರುಗುಟ್ಟಿತು, ಮತ್ತೆ ಕಿರುಗುಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ವಾರಿಜಕ್ಕನ ಬೆರಳುಗಳು ಒಂದೇ ಸಮನೆ ಓಡುತ್ತಿದ್ದವು. ಬತ್ತಿಗಳು ಒಂದರ ಮೇಲೊಂದು ಡಬ್ಬಿಗೆ ಬೀಳುತ್ತಿದ್ದವು. ಅವರ ಮಡಿಲಲ್ಲಿದ್ದ ಫೋನನ್ನು ನಾನು ಓರೆಗಣ್ಣಿನಿಂದ ನೋಡುತ್ತಲೇ ಇದ್ದೆ.

ಅದು ಬೆಳಗಿತು. ಮೆಸೇಜ್ ಅಲ್ಲ. ಕ್ಲಿನಿಕ್ಕಿನ ಹೆಸರು ತೋರಿಸುತ್ತ ಗುಂಯ್‌ಗುಡುತ್ತಿತ್ತು.

ಬೆರಳು ನಿಂತಿತು. ಅವರು ಫೋನನ್ನು ಬೋರಲು ಮಾಡಿ ತೊಡೆಗೆ ಒತ್ತಿಕೊಂಡರು. ಅದು ಗುಂಯ್‌ಗುಟ್ಟಿ ಸುಮ್ಮನಾಯಿತು.

"ಅಕ್ಕ, ಬನ್ನಿ, ಹೊರಗೆ ಹೋಗಿ ಮಾತಾಡೋಣ."

"ಶ್... ಕಡೆಗೆ ಭಾರೀ ಹೆದ್ರಿಕೆ ಉಂಟಂತೆ. ನೋಡುವ."

ಬೆರಳು ಮತ್ತೆ ಆಡತೊಡಗಿತು. ಅದನ್ನು ಕಂಡು ನನಗೂ ಧೈರ್ಯ ಬಂತು. ದೆವ್ವ ಬರಲಿ, ಈಗಲಾದರೂ ಬಂದು ಇವರನ್ನು ಹೆದರಿಸಲಿ ಎಂದು ಬೇಡಿಕೊಂಡೆ. ಕೊನೆಗೆ ಬಂದದ್ದು ಮುಖಕ್ಕೆ ಸುಣ್ಣ ಬಳಿದುಕೊಂಡಂತಿದ್ದ ಒಬ್ಬ ಹೆಂಗಸು, ಅದೂ ಅರೆ ನಿಮಿಷ. ನನಗೆ ಎಂಥ ಸಿಟ್ಟು ಬಂತೆಂದರೆ, ಹೆದರಿಸುವುದೊಂದೇ ಈ ಸಿನಿಮಾದವರ ಕೆಲಸ, ಅದೂ ಕೈಲಾಗಲಿಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಹೊರಗೆ ಬೆಳಕಿಗೆ ಬಂದಾಗ ಅವರು ಮುಚ್ಚಳ ಒತ್ತಿ ಡಬ್ಬಿಯನ್ನು ನನ್ನ ಕೈಗಿಟ್ಟರು. "ತುಂಬಿತು ನೋಡು. ದಂಡ ಪಿಚ್ಚರ್. ಚೂರೂ ಹೆದ್ರಿಕೆ ಆಗ್ಲಿಲ್ಲ ನಂಗೆ. ನೀನೇ ಇಟ್ಕೋ, ದೀಪಕ್ಕೆ ಆಗ್ತದೆ." ಆಮೇಲೆ ಗೋಡೆಯ ಕಡೆ ತಿರುಗಿ ಕ್ಲಿನಿಕ್ಕಿಗೆ ಫೋನ್ ಮಾಡಿದರು.

ಆಪರೇಷನ್, ಕೀಮೋ ಎಲ್ಲ ಆಯಿತು. ನನಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ಅಲ್ಲಿಯ ಕ್ಲೈಡ್ ನಾರ್ತ್‌ಗೆ ಬಂದೆ. "ಒಳ್ಳೆ ಪಿಚ್ಚರ್ ಬಂದ್ರೆ ಹೇಳು, ಬರ್ತೇನೆ" ಎನ್ನುತ್ತಲೇ ಇದ್ದರು. ಎರಡನೆಯ ಚಳಿಗಾಲದಲ್ಲಿ ಹೋಗಿಬಿಟ್ಟರು.

ಸಿಡ್ನಿಯಲ್ಲಿ ಅವರ ಅಂತ್ಯಕ್ರಿಯೆ ಮುಗಿಸಿ ವಾಪಸು ಬಂದ ಸಂಜೆ, ಅವರ ಹೆಸರಿನಲ್ಲಿ ದೀಪ ಹಚ್ಚೋಣವೆಂದು ಅಡುಗೆಮನೆಯ ಪೆಟ್ಟಿಗೆಯಿಂದ ಆ ಡಬ್ಬಿ ಹುಡುಕಿ ತೆಗೆದೆ. ಅಷ್ಟು ದಿನ ಅದನ್ನು ತೆರೆದೇ ಇರಲಿಲ್ಲ. ಮೇಲಿನ ಬತ್ತಿಯೊಂದನ್ನು ಎತ್ತಿದೆ, ಬೆರಳಲ್ಲೇ ಬಿಚ್ಚಿಕೊಂಡಿತು. ಇನ್ನೊಂದನ್ನು ಎತ್ತಿದೆ, ಅದೂ ಹಾಗೇ. ಮೇಲಿದ್ದ ಯಾವುದಕ್ಕೂ ಹುರಿಯೇ ಇರಲಿಲ್ಲ, ಬರೀ ಹತ್ತಿ. ಅದರ ಕೆಳಗಿದ್ದವೆಲ್ಲ ಅವರ ಎಂದಿನ ಬಿಗಿಯಾದ ಹೂಬತ್ತಿ. ಫೋನ್ ಬಂದ ಮೇಲೆ ಅವರು ಒಂದೇ ಒಂದು ಬತ್ತಿಯನ್ನೂ ಹೊಸೆದಿರಲಿಲ್ಲ. ಪಕ್ಕದಲ್ಲಿ ಕೂತ ನಾನು ಹೆದರಬಾರದೆಂದು ಸುಮ್ಮನೆ ಬೆರಳು ಆಡಿಸಿದ್ದರು.

ತಳದಿಂದ ಗಟ್ಟಿಯಾದ ಬತ್ತಿಯೊಂದನ್ನು ತೆಗೆದು ದೀಪ ಹಚ್ಚಿದೆ. ಹತ್ತಿಯನ್ನು ಹಾಗೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.